ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಹುಲ್ಲಿನ ಓಲೆ, ಬಳೆಗಳು ಕೊರಗರ ಕೆಲಸವೇ?

ಮಂಜೇಶ್ವರದ ಅಜ್ಜಿಮನೆಯಲ್ಲಿ ಸಿಕ್ಕಿದ ಚಿನ್ನದ ಬಣ್ಣದ ಹುಲ್ಲಿನ ಓಲೆ, ಬಳೆಗಳು ಕೊರಗ ಬುಡಕಟ್ಟಿನವರ ಹಳೆಯ ಕೈಕೆಲಸವೇ ಎಂದು ಚಿತ್ರ ಹಾಕಿ ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಂದಾಜು. ಇದೇ ನಂಬಿಕೆಯಿಂದ ಕೈ ಸುಟ್ಟುಕೊಂಡವಳು ನಾನು.

ಕಾಸರಗೋಡು ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಕೋಯಿಕ್ಕೋಡಿನ ಮೇಳವೊಂದರಲ್ಲಿ ಸಗಟು ವ್ಯಾಪಾರಿಯೊಬ್ಬರ ಬಳಿ ಇಂಥವೇ ಓಲೆಗಳನ್ನು ಕಂಡೆ. "ನಿಮ್ಮ ಜಿಲ್ಲೆಯ ಮಾಲೇ ಇದು, ಕೊರಗರು ಮಾಡುವುದು" ಎಂದರು. ಕೇರಳದಲ್ಲಿ ಕೊರಗರು ಇರುವುದು ಕಾಸರಗೋಡು ಜಿಲ್ಲೆಯಲ್ಲಿ. ಬುಟ್ಟಿ ಹೆಣೆಯುವುದು ಅವರ ಕುಲಕಸುಬು. ಕಣ್ಣೆದುರು ಇರುವುದು ಹುಲ್ಲಿನ ಒಡವೆ. ಇಷ್ಟನ್ನು ಕೂಡಿಸಿ ಉತ್ತರವನ್ನು ನಾನೇ ಬರೆದುಕೊಂಡೆ. ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದು ಕೊಂಡೆ, 'ಕೊರಗರ ಕೈಕೆಲಸ' ಎಂಬ ಚೀಟಿ ಕಟ್ಟಿ ಮಂಗಳೂರಿನ ಒಂದು ಮಳಿಗೆಗೆ ಕೊಟ್ಟೆ. ಚೆನ್ನಾಗಿಯೇ ಮಾರಾಟವಾಯಿತು.

ಬದಿಯಡ್ಕದ ಕಡೆಯಿಂದ ನಮ್ಮ ಮನೆಗೆ ಬುಟ್ಟಿ, ಗೆರಸೆ ತರುವ ಹಿರಿಯ ಕೊರಗ ಹೆಂಗಸೊಬ್ಬರಿದ್ದಾರೆ. ಇದೇ ಬಗೆಯ ಬಳೆಗಳನ್ನು ಮಾಡಿಕೊಡುತ್ತೀರಾ ಎಂದು ಕೇಳಲು ಒಂದು ಓಲೆಯನ್ನು ಅವರ ಕೈಗಿತ್ತೆ. ಅವರು ಮುಂಭಾಗವನ್ನು ನೋಡಲೇ ಇಲ್ಲ. ತಿರುಗಿಸಿ, ನಡುವಿನ ಗಂಟನ್ನು ಉಗುರಿನಿಂದ ಮೀಟಿ ನೋಡಿ, "ಇದು ಹೆಣೆದದ್ದಲ್ಲ ಅಕ್ಕಾ, ಹೊಲಿದದ್ದು. ನಮ್ಮ ಬುಟ್ಟಿಗೆ ಸೂಜಿ ಯಾಕೆ?" ಎಂದರು.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲಿಯೇ ನಿಂತಿದ್ದೀರಿ. ನಾನು ನೋಡಿದ್ದು ಹುಲ್ಲನ್ನು, ಬಣ್ಣವನ್ನು, ಹೊಳಪನ್ನು. ಕಟ್ಟಿದ ಕ್ರಮವನ್ನು ನೋಡಲಿಲ್ಲ. ಬುಟ್ಟಿಯಲ್ಲಿ ಮೊದಲು ಕಡ್ಡಿಗಳನ್ನು ಅಡ್ಡಡ್ಡ ಹಾಸುತ್ತಾರೆ, ಆಮೇಲೆ ಬಳ್ಳಿಯನ್ನು ಅವುಗಳ ಮೇಲೊಮ್ಮೆ ಕೆಳಗೊಮ್ಮೆ ಹಾಯಿಸುತ್ತಾ ಸುತ್ತುತ್ತಾರೆ. ಒಂದೇ ಎಳೆ ಹೀಗೆ ಸುತ್ತಿಕೊಂಡು ಹೋಗಬೇಕಾದರೆ ಕಡ್ಡಿಗಳು ಬೆಸ ಸಂಖ್ಯೆಯಲ್ಲಿರಬೇಕು. ಸಮವಾದರೆ ಎರಡನೆಯ ಸುತ್ತಿನಲ್ಲಿ ಎಳೆ ಮೊದಲಿನ ದಾರಿಯನ್ನೇ ಹಿಡಿಯುತ್ತದೆ, ಹೆಣಿಗೆ ಬಿಗಿಯುವುದಿಲ್ಲ. ನನ್ನ ಓಲೆಯಲ್ಲಿ ಕಡ್ಡಿಯೇ ಇರಲಿಲ್ಲ. ಹುಲ್ಲಿನ ಸಣ್ಣ ಕಂತೆಯೊಂದು ನಡುವಿನಿಂದ ಚಕ್ಕುಲಿಯಂತೆ ಸುತ್ತುತ್ತಾ ಹೊರಗೆ ಬಂದಿತ್ತು, ಪ್ರತಿಯೊಂದು ಸುತ್ತನ್ನೂ ಒಳಸುತ್ತಿಗೆ ದಾರದಿಂದ ಹೊಲಿದಿದ್ದರು. ಅದನ್ನು ದಿನವೂ ನನ್ನ ಕೈಯಾರೆ ಡಬ್ಬಿಗೆ ತುಂಬುತ್ತಿದ್ದೆ. ಆ ಅಮ್ಮ ತಂದ ಬುಟ್ಟಿ ಅದೇ ಕೋಣೆಯ ಮೂಲೆಯಲ್ಲಿ ತೆಂಗಿನಕಾಯಿ ತುಂಬಿಕೊಂಡು ಕೂತಿತ್ತು. ಎರಡನ್ನೂ ಬೋರಲು ಹಾಕಿ ಪಕ್ಕಪಕ್ಕದಲ್ಲಿ ಇಟ್ಟಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು. ಮಳಿಗೆಯವರಿಗೆ ನಿಜ ಹೇಳಿದೆ. ಕೊಂಡವರ ಹಣ ಹಿಂದಿರುಗಿಸಿ, ಉಳಿದ ಮಾಲನ್ನು ತಲೆಗೆ ಕಟ್ಟಿಕೊಂಡ ಮೇಲೆ ಅಂಗಡಿ ಆ ಮಳೆಗಾಲ ದಾಟಲಿಲ್ಲ.

ನಾನು ಮಾರಿದ ಆ ಓಲೆಗಳು ಬಂದದ್ದು ಬ್ರೆಜಿಲಿನಿಂದ. ಟೊಕಾಂಟಿನ್ಸ್ ರಾಜ್ಯದ ಜಲಪಾವ್ ಎಂಬಲ್ಲಿ 'ಕಪೀಂ ದೊರಾದೊ' ಎಂಬ ಗಿಡದ ಹೂದಂಟುಗಳನ್ನು ಬುರಿಟಿ ತಾಳೆಯ ನಾರಿನಿಂದ ಹೊಲಿಯುತ್ತಾರೆ. ಬಣ್ಣ ಹಾಕುವುದೇ ಇಲ್ಲ, ಆ ಹೊಳಪು ದಂಟಿನದೇ. ಗುಲಾಮಗಿರಿಗೆ ಒಳಗಾಗಿದ್ದ ಆಫ್ರಿಕನ್ನರ ವಂಶಸ್ಥರು ಇರುವ ಮುಂಬುಕ ಎಂಬ ಹಳ್ಳಿ ಈ ಕೆಲಸಕ್ಕೆ ಹೆಸರಾದದ್ದು; ಕಲಿಸಿದವರು ಶೆರೆಂಟೆ ಮೂಲನಿವಾಸಿಗಳು ಎನ್ನುತ್ತಾರೆ. ಸೆಪ್ಟೆಂಬರ್ 20ಕ್ಕೆ ಮೊದಲು ದಂಟು ಕೀಳುವಂತಿಲ್ಲ, ಕಿತ್ತಾಗ ಹೂತಲೆಗಳನ್ನು ಕತ್ತರಿಸಿ ಅದೇ ಬಯಲಿನಲ್ಲಿ ಚೆಲ್ಲಿ ಬರಬೇಕು ಎಂಬ ಕಟ್ಟಳೆ ಇದೆ. ಇಷ್ಟು ಶ್ರಮದ ವಸ್ತುವಿಗೆ ನಾನು ಇನ್ನೊಬ್ಬರ ಹೆಸರಿನ ಚೀಟಿ ಕಟ್ಟಿದ್ದೆ.

ನಿಮ್ಮದೂ ಅದೇ ಇರಬೇಕೆಂದಿಲ್ಲ. ಬಿಹಾರದ ಮಿಥಿಲೆಯ ಹೆಂಗಸರು ಮಾಡುವ ಸಿಕ್ಕಿ ಹುಲ್ಲಿನ ಒಡವೆಯೂ ಚಿನ್ನದ ಬಣ್ಣದ್ದು, ಅದೂ ಸುರುಳಿಯೇ. ಆದರೆ ಅಲ್ಲಿ ಒಳಗೆ ಒರಟು ಹುಲ್ಲಿನ ಕಂತೆ ಇರುತ್ತದೆ, ಅದರ ಮೇಲೆ ಸಿಕ್ಕಿಯನ್ನೇ ಒತ್ತಾಗಿ ಸುತ್ತಿ ಹೊಲಿಯುತ್ತಾರೆ, ಒಳಗಿನದು ಕಾಣುವುದಿಲ್ಲ. ನಡುನಡುವೆ ಗುಲಾಬಿ, ಹಸಿರು ಬಣ್ಣ ಹಾಕಿದ ಎಳೆಗಳಿದ್ದರೆ ಸಿಕ್ಕಿ ಎಂಬ ಅನುಮಾನ ಬಲವಾಗುತ್ತದೆ. ಬ್ರೆಜಿಲಿನದರಲ್ಲಿ ಹುಲ್ಲು ಬರಿದಾಗಿಯೇ ಕಾಣುತ್ತದೆ, ಹೊಲಿಗೆಗಳು ಬಿಡಿಬಿಡಿಯಾಗಿ ನಡುವಿನಿಂದ ಅಂಚಿಗೆ ಗೆರೆ ಎಳೆದಂತೆ ಸಾಗುತ್ತವೆ. ಸುರುಳಿಯೇ ಇಲ್ಲದೆ ಚಪ್ಪಟೆ ಪಟ್ಟಿಗಳು ಓರೆಯಾಗಿ ಒಂದರೊಳಗೊಂದು ಹೊಕ್ಕಿದ್ದರೆ ಅದು ಗರಿಯ ಕೆಲಸ: ತಾಳೆಯೋ, ನಾವು ಇಡ್ಲಿಗೆ ಮೂಡೆ ಕಟ್ಟುವ ಕೇದಗೆಯೋ ಇರಬಹುದು. ತೆಳ್ಳಗೆ, ಪುಟಿಯುವಂತಿದ್ದು ಬಣ್ಣಬಣ್ಣದ್ದಾಗಿದ್ದರೆ ಚಿಲಿಯ ರಾರಿ ಊರಿನ ಕುದುರೆ ಕೂದಲಿನ ಕೆಲಸವನ್ನೂ ನೆನೆಯಬೇಕು, ನಮ್ಮ ಕಡೆ ಅದು ಅಪರೂಪ.

ಇನ್ನು "ಎಷ್ಟು ಹಳೆಯದು, ಯಾವ ಬುಡಕಟ್ಟಿನದು" ಎಂಬ ಪ್ರಶ್ನೆ. ಅಜ್ಜಿಯ ಪೆಟ್ಟಿಗೆಯಲ್ಲಿ ಇದ್ದ ಮಾತ್ರಕ್ಕೆ ಅಜ್ಜಿಯ ಕಾಲದ್ದಾಗುವುದಿಲ್ಲ. ಕೊಲ್ಲಿಯಿಂದ ರಜೆಗೆ ಬಂದ ಸೋದರಮಾವ ಹತ್ತು ವರ್ಷದ ಹಿಂದೆ ಕೊಟ್ಟದ್ದೂ ಅದೇ ಪೆಟ್ಟಿಗೆಗೆ ಸೇರುತ್ತದೆ. ಮನೆಯ ಹಿರಿಯರನ್ನು ಮೊದಲು ಕೇಳಿ. ಬುಡಕಟ್ಟಿನ ಹೆಸರು ಹುಡುಕುವ ಚಟವನ್ನಂತೂ ಬಿಟ್ಟೇಬಿಡಿ. ಮನೆಬಾಗಿಲಿಗೆ ಬಂದ ಬುಟ್ಟಿಗೆ ಚೌಕಾಸಿ ಮಾಡುವ ನಾವೇ, ಕೊರಗರ ಹೆಸರಿನ ಚೀಟಿ ಕಂಡರೆ ದುಪ್ಪಟ್ಟು ಕೊಡುತ್ತೇವೆ. ಆ ದುಡ್ಡು ಅವರಿಗೆ ಮುಟ್ಟುವುದೂ ಇಲ್ಲ.

ವಾರ್ನಿಷ್ ಬಳಿಯಬೇಡಿ, ತೊಳೆಯಲೂ ಬೇಡಿ. ಆಟಿ ತಿಂಗಳ ಮಳೆಗೆ ಬೂಷ್ಟು ಹಿಡಿದರೆ ಒಣ ಕುಂಚದಿಂದ ಉದುರಿಸಿ ನೆರಳಿನಲ್ಲಿ ಗಾಳಿಗಿಡಿ. ನೀವು ಹಾಕಿದ ಚಿತ್ರ ಮುಂಭಾಗದ್ದು, ಅದರಿಂದ ಏನೂ ತಿಳಿಯುವುದಿಲ್ಲ. ಹಿಂಬದಿಯ ನಡುಭಾಗವನ್ನು ಹತ್ತಿರದಿಂದ ತೆಗೆದು ಹಾಕಿ, ಓಲೆಯ ಕೊಕ್ಕೆಯದೂ ಒಂದು ಇರಲಿ. ನೋಡಿ ಹೇಳುತ್ತೇನೆ.