ಆಮೆ ಏಕೆ ಉಭಯವಾಸಿಯಲ್ಲ?

ಪ್ರಶ್ನೆ: ಆಮೆ, ಮೊಸಳೆಗಳು ಕಪ್ಪೆಯಂತೆಯೇ ನೀರಿನಲ್ಲೂ ನೆಲದ ಮೇಲೂ ಬದುಕುತ್ತವೆ. ಹೀಗಿದ್ದೂ ಅವನ್ನು ಉಭಯವಾಸಿಗಳ ವರ್ಗಕ್ಕೆ ಸೇರಿಸದಿರುವುದೇಕೆ?

ಉತ್ತರ: ವಾಸಸ್ಥಾನವನ್ನಷ್ಟೇ ನೋಡಿದರೆ ನಿಮ್ಮ ಸಂದೇಹ ನ್ಯಾಯವಾದದ್ದೇ. ಆದರೆ ಜೀವವಿಜ್ಞಾನಿಗಳು ಈ ವರ್ಗವನ್ನು ಗುರುತಿಸುವುದು ದೇಹರಚನೆ ಮತ್ತು ಬೆಳವಣಿಗೆಯ ಕ್ರಮದಿಂದ. ಅದರಲ್ಲೂ ಚರ್ಮ ಮತ್ತು ಮೊಟ್ಟೆಗಳನ್ನು ಗಮನಿಸಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಆಮೆ, ಮೊಸಳೆಗಳ ಮೈಮೇಲಿನ ಗಡುಸಾದ ಹೊದಿಕೆ ದೇಹದ ನೀರು ಆರಿಹೋಗದಂತೆ ತಡೆಯುತ್ತದೆ. ಕಪ್ಪೆಯ ಚರ್ಮವಾದರೋ ತೆಳುವಾಗಿದ್ದು, ಲೋಳೆ ಸ್ರವಿಸುವ ಗ್ರಂಥಿಗಳಿಂದ ತೇವವಾಗಿರುತ್ತದೆ; ಆ ತೇವದಲ್ಲಿ ಕರಗಿದ ಆಮ್ಲಜನಕ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳನ್ನು ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಅದೇ ದಾರಿಯಲ್ಲಿ ಹೊರಬೀಳುತ್ತದೆ. ಬಾಲವುಳ್ಳ ಉಭಯವಾಸಿಗಳಾದ ಸಾಲಮ್ಯಾಂಡರ್‌ಗಳಲ್ಲಂತೂ ಶ್ವಾಸಕೋಶವೇ ಇಲ್ಲದ ದೊಡ್ಡ ಕುಟುಂಬವೊಂದಿದ್ದು, ಅದರ ಪ್ರೌಢ ಜೀವಿಗಳು ಚರ್ಮ ಮತ್ತು ಬಾಯಿಯ ಒಳಪದರದ ಮೂಲಕವೇ ಉಸಿರಾಡುತ್ತವೆ. ಕಪ್ಪೆಗಳು ತಮಗೆ ಬೇಕಾದ ನೀರನ್ನು ಹೀರಿಕೊಳ್ಳುವುದೂ ಮುಖ್ಯವಾಗಿ ಚರ್ಮದಿಂದಲೇ. ಇಷ್ಟೆಲ್ಲ ಹೊಣೆ ಹೊತ್ತ ಚರ್ಮಕ್ಕೆ ಕೈಟ್ರಿಡ್ ಶಿಲೀಂಧ್ರ ತಗುಲಿ ಸೋಂಕು ಉಲ್ಬಣಿಸಿದರೆ ರಕ್ತದ ಲವಣಗಳ ಸಮತೋಲನ ತಪ್ಪಿ ಹೃದಯವೇ ನಿಂತುಹೋಗಬಹುದು. ಹಲವು ಖಂಡಗಳಲ್ಲಿ ಕಪ್ಪೆಗಳು ಕಣ್ಮರೆಯಾದದ್ದಕ್ಕೆ ಈ ರೋಗ ದೊಡ್ಡ ಕಾರಣ ಎಂಬುದು ನಿಜಕ್ಕೂ ಕಳವಳದ ಸಂಗತಿ.

ಇನ್ನು ಮೊಟ್ಟೆ. ಆಮೆಯ ಮೊಟ್ಟೆಗೆ ಚಿಪ್ಪಿದೆ, ಒಳಗೆ ಭ್ರೂಣವನ್ನು ದ್ರವದಲ್ಲಿ ಕಾಪಾಡುವ ಪೊರೆಯೂ ಇದೆ. ಇಂಥ ಮೊಟ್ಟೆ ಬೆಳೆಯುವುದು ನೆಲದ ಮೇಲೆಯೇ; ಆದ್ದರಿಂದಲೇ ಕಡಲಾಮೆ ಕೂಡ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಕಪ್ಪೆಯ ಮೊಟ್ಟೆಗೆ ಇವೆರಡೂ ಇಲ್ಲದ ಕಾರಣ ಅದಕ್ಕೆ ನೀರು ಅಥವಾ ಸಾಕಷ್ಟು ತೇವ ಬೇಕೇ ಬೇಕು. ಅದರಿಂದ ಹೊರಬರುವ ಗೊದಮೊಟ್ಟೆ ಕಿವಿರುಗಳಿಂದ ಉಸಿರಾಡುತ್ತಾ ಬೆಳೆದು, ಮುಂದೆ ಕಾಲು ಮೂಡಿ, ಬಾಲ ಕರಗಿ, ಪಾಚಿ ತಿನ್ನುತ್ತಿದ್ದಾಗ ಉದ್ದವಾಗಿದ್ದ ಕರುಳು ಕೂಡ ಮಾಂಸಾಹಾರಕ್ಕೆ ಹೊಂದುವಂತೆ ಮೊಟಕಾಗುತ್ತದೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇದಕ್ಕಿಂತ ವಿಸ್ಮಯಕರವಾದ ರೂಪಾಂತರವನ್ನು ನಾನರಿಯೆ. ಅಪವಾದಗಳೂ ಇವೆ: ಕೆಲವು ಕಪ್ಪೆಗಳ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ, ಮೆಕ್ಸಿಕೊದ ಆಕ್ಸೊಲಾಟಲ್ ಎಂಬ ಸಾಲಮ್ಯಾಂಡರ್ ಸಾಮಾನ್ಯವಾಗಿ ಜೀವನವಿಡೀ ಕಿವಿರುಗಳನ್ನು ಉಳಿಸಿಕೊಂಡೇ ಸಂತಾನ ಪಡೆಯುತ್ತದೆ.

ಉಭಯವಾಸಿಗಳ ಲಕ್ಷಣಗಳೆಂದು ಶೀತರಕ್ತ ಮತ್ತು ಮೂರು ಕೋಣೆಗಳ ಹೃದಯವನ್ನು ಪಠ್ಯಗಳು ತಪ್ಪದೆ ಹೇಳುತ್ತವೆ. ಆದರೆ ಆಮೆಗೂ ಇವೆರಡೂ ಇರುವುದರಿಂದ ನಿಮ್ಮ ಪ್ರಶ್ನೆಗೆ ಇವು ಉತ್ತರವಾಗಲಾರವು.

ಕಪ್ಪೆ ಮತ್ತು ಸಾಲಮ್ಯಾಂಡರ್‌ಗಳ ಜೊತೆಗೆ ಈ ವರ್ಗದಲ್ಲಿ ಮೂರನೆಯದೊಂದು ಗಣವಿದೆ, ಅದೇ ಸಿಸಿಲಿಯನ್. ಕಾಲಿಲ್ಲದೆ, ಹೆಚ್ಚಾಗಿ ಮಣ್ಣಿನಡಿಯಲ್ಲಿ ಬದುಕುವ ಇದನ್ನು ಹಾವೆಂದೋ ಎರೆಹುಳುವೆಂದೋ ತಿಳಿಯುವವರೇ ಹೆಚ್ಚು. ಕೆಲವು ಸಿಸಿಲಿಯನ್‌ಗಳ ಚರ್ಮದ ಮಡಿಕೆಗಳಲ್ಲಿ ಕಿರುಹುರುಪೆಗಳು ಹುದುಗಿರುವುದುಂಟಾದರೂ, ಗ್ರಂಥಿಗಳಿಂದ ತುಂಬಿದ ಆ ತೇವದ ಚರ್ಮ ಮತ್ತು ಚಿಪ್ಪಿಲ್ಲದ ಮೊಟ್ಟೆ ಅವನ್ನು ಕಪ್ಪೆಯ ಬಂಧುಗಳೆಂದೇ ತೋರಿಸುತ್ತವೆ.