ನಂಬರ್ ಒನ್ ಅಂತ ಎಣಿಸಿದವರು ಯಾರು?

ಪ್ರಶ್ನೆ: ಯಶವಂತಪುರದಲ್ಲಿ ನನ್ನದೊಂದು ದಿನಸಿ ಅಂಗಡಿ. ಬೆಳಗ್ಗೆ ಹಾಕಿದ ಎಫ್‌ಎಂ ರಾತ್ರಿ ಶಟರ್ ಎಳೆಯುವವರೆಗೂ ಹಾಡುತ್ತಲೇ ಇರುತ್ತದೆ. ಎರಡು ಸ್ಟೇಷನ್‌ನವರೂ ‘ಬೆಂಗಳೂರಿಗೆ ನಾವೇ ನಂಬರ್ ಒನ್’ ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರೂ ಬಂದು ಕೇಳಿಲ್ಲ. ಈ ಲೆಕ್ಕ ಎಲ್ಲಿಂದ ಬರುತ್ತದೆ? ರೇಡಿಯೋ ಸೆಟ್ಟಿನಿಂದಲೇ ಅವರಿಗೆ ಗೊತ್ತಾಗುತ್ತದೆಯೇ?
– ಅಂಗಡಿಯವರೊಬ್ಬರು, ಬೆಂಗಳೂರು

ಉತ್ತರ: ಸೆಟ್ಟಿನಿಂದ ಏನೂ ಗೊತ್ತಾಗುವುದಿಲ್ಲ ಸ್ವಾಮಿ. ಟವರ್‌ನಿಂದ ಅಲೆ ಬರುತ್ತದೆ, ನಿಮ್ಮ ಸೆಟ್ಟು ಹಿಡಿಯುತ್ತದೆ, ಅಷ್ಟೇ. ವಾಪಸ್ ಏನೂ ಹೋಗುವುದಿಲ್ಲ. ನೀವು ಹಾಕಿದ್ದೀರೋ ಆರಿಸಿದ್ದೀರೋ ಸ್ಟೇಷನ್‌ಗೆ ಸುಳಿವೇ ಇಲ್ಲ. 1942ರಲ್ಲಿ ಅಮೆರಿಕದ ನೀಲ್ಸನ್ ಕಂಪನಿ ಕೆಲವು ಮನೆಗಳ ರೇಡಿಯೋಗೆ ಆಡಿಮೀಟರ್ ಎಂಬ ಪೆಟ್ಟಿಗೆ ಜೋಡಿಸಿ ರೇಟಿಂಗ್ ಕೊಡಲು ಶುರು ಮಾಡಿತು. ಸೆಟ್ಟು ಯಾವ ಸ್ಟೇಷನ್‌ನಲ್ಲಿತ್ತು ಅಂತ ಅದು ಹೇಳುತ್ತಿತ್ತು. ಮುಂದೆ ಮನುಷ್ಯ ಕೂತಿದ್ದನೋ ಬೆಕ್ಕು ಮಲಗಿತ್ತೋ, ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಜನರನ್ನೇ ಕೇಳಬೇಕು. ಹಳೇ ದಾರಿ ಡೈರಿ, ಅಂದರೆ ಯಾವ ಸ್ಟೇಷನ್ ಯಾವಾಗ ಕೇಳಿದೆವು ಅಂತ ಕೇಳುಗರೇ ಗುರುತು ಹಾಕುವ ಪುಸ್ತಕ. ಬ್ರಿಟನ್‌ನಲ್ಲಿ 1992ರಲ್ಲಿ ಶುರುವಾದ ರಾಜರ್ ಸಂಸ್ಥೆ ಒಂದು ವಾರದ ಡೈರಿ ಕೊಟ್ಟೇ ಲೆಕ್ಕ ತೆಗೆಯುತ್ತಿತ್ತು. ನಮ್ಮಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ಶುರುವಾಯಿತಲ್ಲ, ಆಮೇಲೆ 2007ರಲ್ಲಿ ಟಿವಿ ರೇಟಿಂಗ್ ಕೊಡುತ್ತಿದ್ದ ಟ್ಯಾಮ್ ಸಂಸ್ಥೆಯವರು ‘ರ‍್ಯಾಮ್’ ಹೆಸರಿನಲ್ಲಿ ಡೈರಿ ಲೆಕ್ಕ ತಂದರು. ದೆಹಲಿ, ಮುಂಬೈ ಜೊತೆ ಬೆಂಗಳೂರೂ ಅದರಲ್ಲಿತ್ತು.

ಡೈರಿ ವಿಷಯದಲ್ಲಿ ನನಗೆ ಸ್ವಲ್ಪ ಕೈಯನುಭವ ಇದೆ. ಇವರೆಲ್ಲ ಬರುವುದಕ್ಕೂ ಮೊದಲು, ಡಿಗ್ರಿ ಮುಗಿಸಿ ಸುಮ್ನೆ ಅಲೆಯುತ್ತಿದ್ದ ಕಾಲದಲ್ಲಿ, ಒಂದು ಸಣ್ಣ ಸರ್ವೆ ಕಂಪನಿಗೆ ಮನೆಮನೆಗೆ ಡೈರಿ ಹಂಚಿದ್ದೆ. ದಿನಕ್ಕೊಂದು ಹಾಳೆ. ಎಡಗಡೆ ಹದಿನೈದು ಹದಿನೈದು ನಿಮಿಷದ ಚೌಕಗಳು, ಮೇಲೆ ಸ್ಟೇಷನ್ ಹೆಸರು, ಪಕ್ಕದಲ್ಲಿ ‘ಮನೆ, ಗಾಡಿ, ಕೆಲಸದ ಜಾಗ’. ಕೇಳಿದಾಗಲೆಲ್ಲ ಟಿಕ್ ಹಾಕಬೇಕು. ಹೇಳುವುದಕ್ಕೆ ಸುಲಭ. ಆದರೆ ಸಾರಿಗೆ ಒಗ್ಗರಣೆ ಹಾಕುತ್ತಾ ಪೆನ್ನು ಹುಡುಕುವವರು ಯಾರು?

ಶ್ರೀರಾಮಪುರದಲ್ಲಿ ಒಬ್ಬ ಟೈಲರ್‌ಗೆ ಒಂದು ಡೈರಿ ಕೊಟ್ಟಿದ್ದೆ. ವಾರ ಬಿಟ್ಟು ಹೋದರೆ ಏಳೂ ಹಾಳೆ ಭರ್ತಿ. ಎಲ್ಲ ಒಂದೇ ನೀಲಿ ಪೆನ್ನು, ಒಂದೇ ಓರೆಯ ಟಿಕ್, ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಒಂದೇ ಸ್ಟೇಷನ್. ಅಂಗಡಿ ಮುಚ್ಚಿದ್ದ ಭಾನುವಾರವೂ ‘ಕೆಲಸದ ಜಾಗ’ದಲ್ಲಿ ಕೇಳಿದ್ದಾರೆ! ಕೇಳಿದರೆ, “ನಿನ್ನೆ ರಾತ್ರಿ ಕೂತು ತುಂಬಿಸಿಬಿಟ್ಟೆ ಸಾರ್. ನಾವು ಯಾವಾಗ್ಲೂ ಅದೇ ತಾನೇ ಹಾಕೋದು?” ಅಂದರು. ಅವರ ಹಿಂದೆ ಕಾಜಾ ಹಾಕುತ್ತಿದ್ದ ಹುಡುಗನ ಪಕ್ಕದಲ್ಲಿ ರೇಡಿಯೋ ಜೋರಾಗಿ ಹಾಡುತ್ತಿತ್ತು. ಅದು ಬೇರೆ ಸ್ಟೇಷನ್ನು! ಹುಡುಗ ಯಾವಾಗ ತಿರುಗಿಸಿದ್ದನೋ, ಯಜಮಾನರಿಗೆ ಗೊತ್ತೇ ಇಲ್ಲ. ಡೈರಿ ತಂದುಕೊಟ್ಟೆ. “ತುಂಬಿದೆ ತಾನೇ, ಇಡು” ಅಂದರು ಸೂಪರ್‌ವೈಸರ್.

ಆ ಟೈಲರ್ ಸುಳ್ಳು ಹೇಳಲಿಲ್ಲ. ಡೈರಿ ಹಿಡಿಯುವುದು ಕಿವಿಗೆ ಬಿದ್ದದ್ದನ್ನಲ್ಲ, ನೆನಪಿಗೆ ಬಂದದ್ದನ್ನು. ಪ್ರತಿ ಹಾಡಿನ ಹಿಂದೆ ಮುಂದೆ ಆರ್‌ಜೆಗಳು ಸ್ಟೇಷನ್ ಹೆಸರನ್ನೂ ಫ್ರೀಕ್ವೆನ್ಸಿಯನ್ನೂ ಜಪ ಮಾಡುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. ಟಿಕ್ ಹಾಕುವ ಹೊತ್ತಿಗೆ ಆ ಹೆಸರೇ ತಲೆಯಲ್ಲಿರಬೇಕು.

ಇದಕ್ಕೆ ಮದ್ದು ಅಂತ ಮೀಟರ್ ಬಂತು. 2007ರಲ್ಲಿ ಅಮೆರಿಕದ ಆರ್ಬಿಟ್ರಾನ್ ಕಂಪನಿ ಫಿಲಡೆಲ್ಫಿಯಾ ಮತ್ತು ಹ್ಯೂಸ್ಟನ್‌ನಲ್ಲಿ ಡೈರಿ ಕೈಬಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರ್‌ನಂಥ ಯಂತ್ರ ಕೊಟ್ಟಿತು. ಸ್ಟೇಷನ್ ತನ್ನ ಹಾಡು, ಮಾತಿನ ಒಳಗೆ ನಮಗೆ ಕೇಳಿಸದ ಒಂದು ಗುರುತು ಸೇರಿಸುತ್ತದೆ. ಯಂತ್ರ ಅದನ್ನು ಹಿಡಿಯುತ್ತದೆ. ಸ್ವಿಟ್ಜರ್ಲೆಂಡಿನವರು ಇನ್ನೂ ಮುಂಚೆ, 2001ರಲ್ಲೇ, ಕೈಗಡಿಯಾರ ಕಟ್ಟಿಸಿದರು. ಪ್ರತಿ ನಿಮಿಷ ಕೆಲವು ಸೆಕೆಂಡು ಸುತ್ತಲಿನ ಸದ್ದು ಹಿಡಿದು, ಆಮೇಲೆ ಸ್ಟೇಷನ್‌ಗಳ ಪ್ರಸಾರದ ಜೊತೆ ಹೋಲಿಸಿ ನೋಡುವುದು. ನನಗೆ ಕೇಳಿದರೆ ಗಡಿಯಾರವೇ ಜಾಣತನ. ಕಟ್ಟಿಕೊಂಡದ್ದು ಮರೆತುಹೋಗುತ್ತದೆ.

ಮೀಟರ್ ಬಂದಾಗ ಅಮೆರಿಕದಲ್ಲಿ ಲೆಕ್ಕವೇ ಮಗುಚಿತು. ಜನ ಡೈರಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಸ್ಟೇಷನ್ ಕೇಳುತ್ತಿದ್ದರು, ಆದರೆ ಒಂದೊಂದನ್ನೂ ಕಡಿಮೆ ಹೊತ್ತು. ಮೀಟರ್ ಲೆಕ್ಕ ಪೂರ್ತಿ ಸತ್ಯ ಅಂತಲೂ ಅಲ್ಲ. ಅಲ್ಲಿ 2024ರವರೆಗೆ ಕಾಲು ಗಂಟೆಯಲ್ಲಿ ಐದು ನಿಮಿಷ ಕೇಳಿದರೆ ಆ ಕಾಲು ಗಂಟೆಯೇ ಲೆಕ್ಕಕ್ಕೆ ಸೇರುತ್ತಿತ್ತು. ಅಂಥ ಯಂತ್ರ ಸಿಕ್ಕಿಸಿಕೊಂಡು ಯಾರಾದರೂ ನಿಮ್ಮ ಅಂಗಡಿಗೆ ಅರ್ಧ ಕೆಜಿ ತೊಗರಿಬೇಳೆಗೆ ಬಂದರು ಅನ್ನಿ. ಚಿಲ್ಲರೆಗೆ ಕಾದು ನಿಲ್ಲುವಷ್ಟರಲ್ಲಿ ಅವರೂ ಕೇಳುಗರಾದರು! ಅವರ ಗಮನವೆಲ್ಲ ತಕ್ಕಡಿ ಮೇಲಿರುತ್ತದೆ.

ಇನ್ನು ಇಬ್ಬರು ನಂಬರ್ ಒನ್ ಹೇಗೆ? ಹತ್ತು ಜನರನ್ನು ತಗೊಳ್ಳಿ. ಒಂದು ಸ್ಟೇಷನ್ನನ್ನು ಆರು ಜನ ಕಾಲು ಕಾಲು ಗಂಟೆ ಕೇಳಿದರು, ಒಟ್ಟು 90 ನಿಮಿಷ. ಇನ್ನೊಂದನ್ನು ಇಬ್ಬರೇ, ಆದರೆ ಮೂರು ಮೂರು ಗಂಟೆ, ಒಟ್ಟು 360 ನಿಮಿಷ. ತಲೆ ಎಣಿಸಿದರೆ ಮೊದಲನೆಯದು ಮುಂದೆ, ಹೊತ್ತು ಎಣಿಸಿದರೆ ಎರಡನೆಯದು. ಒಬ್ಬರು ‘ರೀಚ್’ ಹಿಡಿದು ಹೋರ್ಡಿಂಗ್ ಹಾಕಿಸುತ್ತಾರೆ, ಇನ್ನೊಬ್ಬರು ‘ಷೇರ್’ ಹಿಡಿದು. ಅದೂ ಸಾಲದಿದ್ದರೆ ‘ಬೆಳಗಿನ ಹೊತ್ತು, 25ರಿಂದ 34 ವಯಸ್ಸಿನವರು’ ಅಂತ ಕೊಯ್ದು ಕೊಯ್ದು ತಮಗೆ ಬೇಕಾದ ತುಂಡು ತೆಗೆಯುತ್ತಾರೆ.

ನಿಮ್ಮನ್ನು ಯಾಕೆ ಕೇಳಲಿಲ್ಲ ಅಂದಿರಿ. ಅನ್ನ ಬೆಂದಿದೆಯಾ ನೋಡಲು ಒಂದಗುಳು ಸಾಕು ಅನ್ನುತ್ತೇವೆ. ನಿಜ. ಆದರೆ ಬೆಂಗಳೂರು ಅನ್ನವಲ್ಲ, ಬಿಸಿಬೇಳೆಬಾತು. ಸೌಟು ಎಲ್ಲಿ ಬಿತ್ತು ಅನ್ನುವುದರ ಮೇಲೆ ನಿಮಗೆ ಬಟಾಣಿ ಸಿಗುತ್ತದೋ ಗೋಡಂಬಿಯೋ. ಸರಿಯಾಗಿ ಕಲಕಿ 500 ಜನರನ್ನು ಆರಿಸಿದರೂ, ಶೇ. 20 ಪಾಲು ಅಂತ ಬಂದದ್ದು ನಿಜಕ್ಕೂ 17ರಿಂದ 23ರ ನಡುವೆ ಎಲ್ಲಾದರೂ ಇರಬಹುದು. ಹಾಗಿದ್ದಾಗ 20ಕ್ಕೂ 21ಕ್ಕೂ ಜಗಳ ಆಡಿ ಏನು ಬಂತು? ಜಾಹೀರಾತಿನ ದುಡ್ಡು ಬಂತು, ಅದಕ್ಕೇ ಆಡುತ್ತಾರೆ.

ಪ್ರಶ್ನೆ: ನಾನು ಮೊಬೈಲ್ ಆಪ್‌ನಲ್ಲಿ ಆಕಾಶವಾಣಿ ಕೇಳುತ್ತೇನೆ. ಅದನ್ನಾದರೂ ಸರಿಯಾಗಿ ಎಣಿಸುತ್ತಾರಾ?
– ಓದುಗರೊಬ್ಬರು, ಮೈಸೂರು

ಉತ್ತರ: ಹೌದು, ಆಪ್‌ನಲ್ಲಿ ಸರ್ವರ್‌ಗೆ ಗೊತ್ತಾಗುತ್ತದೆ. ಎಷ್ಟು ಫೋನ್, ಯಾವ ಊರು, ಎಷ್ಟು ಹೊತ್ತು, ಎಲ್ಲ ಬರುತ್ತದೆ. ಪ್ರಸಾರ ಭಾರತಿ ತನ್ನ ನ್ಯೂಸ್‌ಆನ್‌ಏರ್ ಆಪ್‌ನ ಲೆಕ್ಕ ಹಿಡಿದು ಊರುವಾರು ರ‍್ಯಾಂಕ್ ಪಟ್ಟಿಯನ್ನೂ ಹೊರಡಿಸಿತ್ತು. ಸ್ಯಾಂಪಲ್ ಬೇಡ, ಡೈರಿ ಬೇಡ. ಆದರೆ ಸೆಟ್ಟಿನಲ್ಲಿ ಕೇಳುವವರು ಇದರಲ್ಲಿ ಬರುವುದೇ ಇಲ್ಲ. ಇನ್ನು ನಮ್ಮತ್ತೆಯವರು ಬೆಳಗ್ಗೆ ಆಪ್ ಹಾಕಿ, ಫೋನನ್ನು ಚಾರ್ಜಿಗಿಟ್ಟು, ಹಾಗೇ ದೇವಸ್ಥಾನಕ್ಕೆ ಹೊರಟುಬಿಡುತ್ತಾರೆ. ಸರ್ವರ್ ಲೆಕ್ಕದಲ್ಲಿ ಅವರು ದಿನಾ ಒಂದೂವರೆ ಗಂಟೆ ಭಕ್ತಿಗೀತೆ ಕೇಳಿದ್ದಾರೆ. ಕೇಳಿದವನು ನಾನು, ಪಕ್ಕದ ರೂಮಿನಲ್ಲಿ, ನಿದ್ದೆಗಣ್ಣಲ್ಲಿ.