ಅಪ್ಪನಿಗೆ ಸ್ಟ್ರೋಕ್ ಆಗಿದೆ, ನಾಡಿದ್ದು ಡಿಸ್ಚಾರ್ಜ್. ಒಳ್ಳೆಯ ಹೋಮ್ ನರ್ಸ್ ಏಜೆನ್ಸಿ ಯಾವುದು? ನೋಡಿಕೊಳ್ಳುವವರಿಗೆ ಸಹಾಯ ಎಲ್ಲಿ ಸಿಗುತ್ತದೆ?

"ನಾಡಿದ್ದು ಡಿಸ್ಚಾರ್ಜ್" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ ಅಂತು. ಹಾಗಾದರೆ ನಿಮಗೆ ಇನ್ನೂ ಎರಡು ದಿನ ಇದೆ. ಏಜೆನ್ಸಿ ಹುಡುಕುವುದನ್ನು ಸ್ವಲ್ಪ ಪಕ್ಕಕ್ಕಿಡಿ, ಮೊದಲು ನನ್ನದನ್ನು ಕೇಳಿ.

2018ರ ಮಳೆಗಾಲ. ಶಿವಮೊಗ್ಗದ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಅಣ್ಣ ಪುಣೆಯಲ್ಲಿ. ಬೆಳಿಗ್ಗೆ ದೇವರಿಗೆ ಹೂ ಕೊಯ್ಯಲು ಹೋದ ಅಮ್ಮ ಬುಟ್ಟಿ ಕೈಜಾರಿತು ಅಂತ ಬಂದು ಕೂತಳು. ಮತ್ತೆ ಎದ್ದು ನಿಲ್ಲಲಿಲ್ಲ. ಬಲಗೈ, ಬಲಗಾಲು ಸ್ವಾಧೀನ ಇಲ್ಲ, ಬಾಯಿ ಒಂದು ಕಡೆ ವಾಲಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು.

ಡಿಸ್ಚಾರ್ಜ್ ದಿನ ವಾರ್ಡಿನ ಸಿಸ್ಟರ್ ಒಬ್ಬರು ನನ್ನ ಹತ್ತಿರ ಬಂದರು. ಅವರ ಡ್ಯೂಟಿ ಮುಗಿದಿತ್ತು. "ಮೇಡಂ, ಅರ್ಧ ಗಂಟೆ ಇರಿ. ಊಟ ತಿನ್ನಿಸೋದು, ಮಗ್ಗುಲು ತಿರುಗಿಸೋದು ತೋರಿಸಿಕೊಡ್ತೀನಿ" ಅಂದರು. ನಾನು "ಬೇಡ ಸಿಸ್ಟರ್, ನಂಗೆ ಗೊತ್ತಿದೆ" ಅಂದೆ.

ಆ ಒಂದು ಮಾತಿನ ಬಗ್ಗೆ ಎಷ್ಟು ಸಲ ಯೋಚನೆ ಮಾಡಿದ್ದೇನೋ ಲೆಕ್ಕವಿಲ್ಲ. ಆಂಬ್ಯುಲೆನ್ಸಿನವನು ಕೆಳಗೆ ಕಾಯುತ್ತಿದ್ದ. ಬಿಲ್ ಕೌಂಟರಿನಲ್ಲಿ ಎರಡು ಗಂಟೆ ನಿಂತು ಕಾಲು ಸೋತಿತ್ತು. ಅಣ್ಣ ಫೋನಿನಲ್ಲಿ "ಇನ್ನೂ ಹೊರಟಿಲ್ವಾ" ಅಂತಿದ್ದ. ಇವೆಲ್ಲ ನಿಜ. ಆದರೆ ನಿಜವಾದ ಕಾರಣ ಬೇರೆ. ನನ್ನ ಅಮ್ಮನಿಗೆ ಅನ್ನ ತಿನ್ನಿಸೋದನ್ನು ಇನ್ನೊಬ್ಬರು ನನಗೆ ಹೇಳಿಕೊಡಬೇಕಾ ಅಂತ ಒಳಗೆ ಚುಚ್ಚಿತ್ತು. ಅಜ್ಜಿ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ನೋಡಿಕೊಂಡವಳು ನಾನು. ಇದೂ ಹಾಗೇ ಅಂದುಕೊಂಡೆ. ಅಜ್ಜಿಗೆ ಆಗಿದ್ದು ವಯಸ್ಸು. ಅವಳ ಗಂಟಲು ಚೆನ್ನಾಗಿತ್ತು. ಸ್ಟ್ರೋಕ್ ಆದರೆ ಕೈಕಾಲಿನ ಹಾಗೆ ನುಂಗುವ ಶಕ್ತಿಯೂ ಸೋಲಬಹುದು, ಹೊಟ್ಟೆಗೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಇದು ನನಗೆ ಗೊತ್ತೇ ಇರಲಿಲ್ಲ. ಆ ಸಿಸ್ಟರ್ ಹೇಳಬೇಕು ಅಂತಿದ್ದದ್ದು ಅದನ್ನೇ.

ಮನೆಗೆ ಬಂದು ಏನು ಮಾಡಿದೆ ಹೇಳುತ್ತೇನೆ. ತಲೆಗೆ ಎರಡು ದಿಂಬು ಕೊಟ್ಟು ಅರ್ಧ ಮಲಗಿಸಿಕೊಂಡೇ ತಿನ್ನಿಸಿದೆ. ಸಲೀಸಾಗಿ ಇಳಿಯಲಿ ಅಂತ ಗಂಜಿಗೆ ಮಜ್ಜಿಗೆ ಹಾಕಿ ನೀರು ಮಾಡಿದೆ. ಗಂಟಲು ಸೋತವರಿಗೆ ಅತಿ ಕಷ್ಟ ಆಗುವುದೇ ನೀರಿನಂಥದ್ದು. ಅದು ಸರ್ರನೆ ಜಾರಿಬಿಡುತ್ತದೆ, ಗಂಟಲು ಸಿದ್ಧವಾಗುವಷ್ಟು ಹೊತ್ತು ಕೊಡುವುದಿಲ್ಲ. ಅಮ್ಮ ಕೆಮ್ಮುತ್ತಿದ್ದಳು. ನಾನು ನೆತ್ತಿಗೆ ಹತ್ತಿತು ಅಂತ ತಲೆ ತಟ್ಟಿ, "ಅಣ್ಣ ನೆನೆಸ್ಕೊಂಡ ಅನ್ಸುತ್ತೆ ಕಣಮ್ಮ" ಅಂದು ಮೇಲಿಂದ ಒಂದು ಲೋಟ ನೀರು ಕುಡಿಸುತ್ತಿದ್ದೆ. ದಿನಕ್ಕೆ ಮೂರು ಹೊತ್ತು, ಹನ್ನೆರಡು ದಿನ. ಹದಿಮೂರನೇ ದಿನ ಜ್ವರ, ಏದುಸಿರು. ನ್ಯುಮೋನಿಯಾ. ಹನ್ನೊಂದು ದಿನ ಐಸಿಯು, ಮೂಗಿನಲ್ಲಿ ಟ್ಯೂಬ್. ಸ್ಟ್ರೋಕ್ ಆದಮೇಲೆ ಚೇತರಿಕೆ ಜಾಸ್ತಿ ಕಾಣಿಸುವುದು ಮೊದಲ ಕೆಲವು ತಿಂಗಳಲ್ಲೇ. ಫಿಸಿಯೋಥೆರಪಿ ನಡೆಯಬೇಕಾಗಿದ್ದ ಆ ದಿನಗಳು ಉಸಿರಿನ ಜೊತೆ ಹೋರಾಡುವುದರಲ್ಲಿ ಕಳೆದುಹೋದವು. ಅಮ್ಮ ಮತ್ತೆ ಐದು ವರ್ಷ ಇದ್ದಳು. ಬಲಗೈ ಮಾತ್ರ ಕೊನೆಯವರೆಗೂ ಏಳಲಿಲ್ಲ.

ಎರಡನೇ ಸಲ ಮನೆಗೆ ಬಂದಾಗ, ಟ್ಯೂಬ್ ತೆಗೆದಮೇಲೆ, ಹೊಸನಗರದ ಕಡೆಯ ಒಬ್ಬ ಅಕ್ಕ ಹೋಮ್ ನರ್ಸ್ ಆಗಿ ಬಂದರು. ಮೊದಲ ಸಂಜೆ ನಾನು ಗಂಜಿ ತಂದೆ. ಅವರು ಅಮ್ಮನ ಬೆನ್ನ ಹಿಂದೆ ಮಡಚಿದ ಹಾಸಿಗೆ ಕೊಟ್ಟು ನೆಟ್ಟಗೆ ಕೂರಿಸಿದರು. ಗದ್ದ ಸ್ವಲ್ಪ ಕೆಳಗೆ. ಗಂಜಿ ಗಟ್ಟಿ ಮಾಡಿಸಿದರು. ಅರ್ಧ ಚಮಚ, ಅದೂ ಚೆನ್ನಾಗಿದ್ದ ಎಡಗಡೆಯಿಂದ. ಗಂಟಲಿನ ಗಂಟು ಮೇಲೆದ್ದು ಇಳಿಯುವವರೆಗೂ ಮುಂದಿನ ಚಮಚ ಇಲ್ಲ. ನಾಲ್ಕೈದು ಚಮಚಕ್ಕೊಮ್ಮೆ "ಅಮ್ಮಾ, ಆ ಅನ್ನಿ" ಅನ್ನುತ್ತಿದ್ದರು. ಯಾಕೆ ಅಂತ ಕೇಳಿದೆ. "ದನಿ ಕೇಳಿ. ಒಣಗಿದ್ರೆ ಸರಿ. ಒದ್ದೆ ಇದ್ರೆ, ಗೊಳಗೊಳ ಅಂದ್ರೆ, ಗಂಟಲಲ್ಲಿ ಇನ್ನೂ ಇದೆ ಅಂತ. ನಿಲ್ಲಿಸಬೇಕು." ತಿನ್ನಿಸಿದಮೇಲೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಬಲಗೆನ್ನೆಯ ಒಳಗಿಂದ ಅಷ್ಟು ಅನ್ನದಗುಳು ತೆಗೆದರು. ಅಮ್ಮನಿಗೆ ಅದು ಅಲ್ಲಿರುವುದೇ ಗೊತ್ತಾಗಿರಲಿಲ್ಲ. ಆಮೇಲೆ ಅರ್ಧ ಗಂಟೆ ಮಲಗಿಸಲಿಲ್ಲ. ಎಲ್ಲ ಸೇರಿ ಹೊಸದಾಗಿ ಕಲಿಯಲು ಅರ್ಧ ಗಂಟೆ ಹಿಡಿಯಿತು. ಅದೇ ಅರ್ಧ ಗಂಟೆ. ಅವತ್ತು ಅಡುಗೆಮನೆಗೆ ಹೋಗಿ ಅತ್ತೆ.

ಆದ್ದರಿಂದ ಒಳ್ಳೆಯ ಏಜೆನ್ಸಿ ಯಾವುದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏಜೆನ್ಸಿ ನಿಮ್ಮ ಮನೆಗೆ ಬರುವುದಿಲ್ಲ, ಬರುವುದು ಒಬ್ಬ ಮನುಷ್ಯೆ. ಇವತ್ತು ಒಬ್ಬರು ಬರುತ್ತಾರೆ, ಮುಂದಿನ ತಿಂಗಳು ಇನ್ನೊಬ್ಬರು. ಕೆಲಸ ಗೊತ್ತಿರಬೇಕಾದವರು ನೀವು. ಆಗಲೇ ಬಂದವರಿಗೆ ಕೆಲಸ ಬರುತ್ತದೋ ಇಲ್ಲವೋ ನಿಮಗೆ ತಿಳಿಯುತ್ತದೆ. ಏಜೆನ್ಸಿಗೆ ಕೇಳಬೇಕಾದ್ದು ಒಂದೇ: ಬರುವವರು ನರ್ಸಿಂಗ್ ಓದಿ ಕೌನ್ಸಿಲ್‌ನಲ್ಲಿ ನೋಂದಣಿ ಆದವರಾ, ಅಥವಾ ಅಟೆಂಡರಾ? ನಮ್ಮ ಕಡೆ ಇಬ್ಬರನ್ನೂ ಹೋಮ್ ನರ್ಸ್ ಅಂತಲೇ ಕರೆಯುತ್ತಾರೆ. ಸ್ನಾನ, ಊಟ, ಬಟ್ಟೆ ಬದಲಿಸುವುದಕ್ಕೆ ಅನುಭವ ಇರುವ ಅಟೆಂಡರ್ ಸಾಕು. ಇಂಜೆಕ್ಷನ್, ಟ್ಯೂಬ್ ಹಾಕುವುದು, ದೊಡ್ಡ ಗಾಯದ ಡ್ರೆಸಿಂಗ್ ಅವರ ಕೈಯಲ್ಲಿ ಮಾಡಿಸಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ಆ ಅಕ್ಕನಿಗೂ ಮೊದಲು ಬಂದಿದ್ದ ಹುಡುಗಿ ಇಪ್ಪತ್ತು ದಿನಕ್ಕೇ ಬಿಟ್ಟು ಹೋದಳು. ನಾನು ಬೈದುಕೊಂಡೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅವಳು ಆ ಇಪ್ಪತ್ತು ದಿನದಲ್ಲಿ ಒಂದು ರಾತ್ರಿಯೂ ನಾಲ್ಕು ಗಂಟೆ ಒಟ್ಟಿಗೆ ನಿದ್ದೆ ಮಾಡಿರಲಿಲ್ಲ. "24 ಗಂಟೆ" ಅಂದರೆ 24 ಗಂಟೆಯೂ ಎಚ್ಚರ ಅಂತ ನಾನು ಅಂದುಕೊಂಡಿದ್ದೆ. ಅಕ್ಕ ಬಂದಮೇಲೆ ರಾತ್ರಿ ಎರಡರವರೆಗೆ ನಾನು, ಆಮೇಲೆ ಅವರು ಅಂತ ಮಾಡಿಕೊಂಡೆವು. ಭಾನುವಾರ ಅವರಿಗೆ ರಜೆ. ರಾತ್ರಿ ಎಂಟಕ್ಕೆ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಮಗನ ಜೊತೆ ಫೋನಿನಲ್ಲಿ ಮಾತು, ಆಗ ನಾವು ಕರೆಯುತ್ತಿರಲಿಲ್ಲ. ಅಸಂಘಟಿತ ಕಾರ್ಮಿಕರಿಗೆ ಇ-ಶ್ರಮ್ ಕಾರ್ಡ್ 2021ರಲ್ಲಿ ಬಂದಾಗ ಕೂತು ಮಾಡಿಸಿಕೊಟ್ಟೆ. ಅಮ್ಮ ಹೋಗುವವರೆಗೂ ಅವರು ಇದ್ದರು. ನಿಮ್ಮ ಮನೆಗೆ ಬರುವವರು ಬೇರೆ ಊರಿನಲ್ಲಿ, ಬೇರೆಯವರ ಮನೆಯಲ್ಲಿ, ಮಾತಾಡಲು ಯಾರೂ ಇಲ್ಲದೆ ಇರುತ್ತಾರೆ. ಅವರಿಗೂ ಆಸರೆ ಬೇಕು.

ಸಹಾಯ ಎಲ್ಲಿ ಅಂತ ಕೇಳಿದಿರಿ. ನನಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. ನುಂಗುವ ತೊಂದರೆ ನೋಡುವವರು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರು ಮಾತ್ರ ಅಂದುಕೊಂಡು ನಾನು ಅವರನ್ನು ತಡವಾಗಿ ಹುಡುಕಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಚೆನ್ನಾಗಿ ನೋಡುತ್ತಾರೆ, ದೂರ ಆದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ಕೈಕಾಲು ಬರದೇ ಉಳಿದರೆ ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಅಂತ ಡಾಕ್ಟರು ಬರೆದುಕೊಟ್ಟರೆ ಸೌಲಭ್ಯಗಳಿಗೆ ದಾರಿ ಆಗುತ್ತದೆ. ನಾನು ಅದರ ಮೇಲೆ ಆದಾಯ ತೆರಿಗೆಯಲ್ಲಿ, ಅಂಗವಿಕಲರಾದ ಮನೆಯವರನ್ನು ನೋಡಿಕೊಳ್ಳುವವರಿಗೆ ಇದ್ದ 80ಡಿಡಿ ವಿನಾಯಿತಿಯನ್ನೂ ತೆಗೆದುಕೊಂಡೆ. ಹಿರಿಯರ ವಿಷಯಕ್ಕೆ ಸರ್ಕಾರದ ಸಹಾಯವಾಣಿ 14567. ಯಾವ ಕಚೇರಿಗೆ ಹೋಗಬೇಕು ಅಂತಲೇ ತಿಳಿಯದಿದ್ದಾಗ ಅಲ್ಲಿಗೆ ಕರೆ ಮಾಡಿ.

14416 ನಿಮಗೆ, ಅಪ್ಪನಿಗಲ್ಲ. ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಂದು ರಾತ್ರಿ ಮೂರನೇ ಸಲ ಬಟ್ಟೆ ಬದಲಿಸುವಾಗ ಅಮ್ಮನ ಕೈಯನ್ನು ಜೋರಾಗಿ ಎಳೆದುಬಿಟ್ಟೆ. ಅವಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಆವತ್ತು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಆ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಉಪದೇಶ ಮಾಡಲಿಲ್ಲ. "ನೀವು ಕೊನೇ ಸಲ ಸರಿಯಾಗಿ ಮಲಗಿದ್ದು ಯಾವಾಗ?" ಅಂತ ಕೇಳಿದಳು. ನನಗೆ ನೆನಪಾಗಲಿಲ್ಲ.

ಮಾರನೇ ದಿನವೇ ಅಣ್ಣನಿಗೆ ಹೇಳಿದೆ, ದುಡ್ಡು ಕಳಿಸಿದ್ದು ಸಾಕು, ಬಂದು ಹತ್ತು ರಾತ್ರಿ ಅಮ್ಮನ ಪಕ್ಕ ಮಲಗು ಅಂತ. ಬಂದ. ಆಮೇಲೆ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ನಾಲ್ಕು ವರ್ಷ ಕೇಳಿರಲೇ ಇಲ್ಲ ನಾನು. ನಿಮಗೂ ಅಣ್ಣನೋ ತಮ್ಮನೋ ಇದ್ದರೆ ಇವತ್ತೇ ಕೇಳಿ. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವ ಪಕ್ಕದ ಮನೆಯವರಿಗೆ "ಮಂಗಳವಾರ ನಾಲ್ಕರಿಂದ ಆರು ಅಪ್ಪನ ಹತ್ತಿರ ಕೂತ್ಕೋತೀರಾ" ಅಂತ ದಿನ, ಗಂಟೆ ಹೇಳಿಯೇ ಕೇಳಿ.

ಈಗ ನಾಳೆಯ ವಿಷಯ. ಮಧ್ಯಾಹ್ನ ಊಟದ ಹೊತ್ತಿಗೆ ಮನೆಯ ಚಮಚ, ಮನೆಯಲ್ಲಿ ಮಾಡಿದ ಗಂಜಿ ತೆಗೆದುಕೊಂಡು ವಾರ್ಡಿಗೆ ಹೋಗಿ. ಅಪ್ಪನ ನುಂಗುವ ಪರೀಕ್ಷೆ ಆಗಿದೆಯಾ, ಬಾಯಲ್ಲಿ ಕೊಡಬಹುದಾ, ಎಷ್ಟು ಗಟ್ಟಿ ಇರಬೇಕು ಅಂತ ಡಾಕ್ಟರನ್ನು ಕೇಳಿ. ಕೊಡಬಹುದು ಅಂದರೆ ಸಿಸ್ಟರ್ ಎದುರಿಗೆ ನಿಮ್ಮ ಕೈಯಾರೆ ತಿನ್ನಿಸಿ, ತಪ್ಪಿದ್ದರೆ ಹೇಳಿ ಅನ್ನಿ. ಹಾಗೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸೋತ ಕೈ ಹಿಡಿದು ಎಳೆಯದೆ ಎತ್ತಿ ಕೂರಿಸುವುದು, ಇದನ್ನೂ ನೀವೇ ಮಾಡಿ ತೋರಿಸಿ. ಆಂಬ್ಯುಲೆನ್ಸಿನವನು ಕಾಯಲಿ.